ಯಾರ ಕರೆಂಟ್ ತೆಗೆಯುತ್ತೀರಿ? ಇಂಧನ ಸಮ್ಮೇಳನಕ್ಕೆ ಆಟ ಕಟ್ಟುವ ಬಗೆ

ಪ್ರಶ್ನೆ: ನಮ್ಮ ಸಂಸ್ಥೆ ಎರಡು ದಿನದ ಸಮ್ಮೇಳನ ನಡೆಸಲಿದೆ. ವಿಷಯ, ಇಂಧನದ ಮುಂದಿನ ದಿನಗಳು. ಇಂಜಿನಿಯರ್‌ಗಳು, ಅಧಿಕಾರಿಗಳು, ಕಂಪನಿಯವರು, ವಿದ್ಯಾರ್ಥಿಗಳು ಎಲ್ಲ ಸೇರಿ ಸುಮಾರು 400 ಜನ ಬರುತ್ತಾರೆ. ಹೋದ ಸಲ ಬರೀ ಭಾಷಣವಾಗಿ ಮಧ್ಯಾಹ್ನದ ಹೊತ್ತಿಗೆ ಅರ್ಧ ಸಭಾಂಗಣ ಖಾಲಿಯಾಗಿತ್ತು. ಈ ಸಲ ಜನ ತಾವೇ ಕೈ ಹಚ್ಚಿ ಮಾಡುವಂಥದ್ದು, ಸ್ವಲ್ಪ ಆಟದ ಹಾಗಿರುವುದು ಬೇಕು ಅಂತ ನನಗೆ ಒಪ್ಪಿಸಿದ್ದಾರೆ. ಸೈಕಲ್ ತುಳಿದು ಬಲ್ಬ್ ಹೊತ್ತಿಸುವುದು, ವಿಆರ್ ಕನ್ನಡಕ, ಗೋಡೆ ತುಂಬ ಚೀಟಿ ಅಂಟಿಸುವುದು, ಇಷ್ಟು ಹೊಳೆದಿದೆ. ಹಿರಿಯರಿಗೆ 'ಆಟ' ಅಂದರೆ ಮುಜುಗರ. ಎಲ್ಲಿಂದ ಶುರು ಮಾಡಲಿ?

ಉತ್ತರ: ಸೈಕಲ್‌ನಿಂದಲೇ ಶುರು ಮಾಡೋಣ. ಇಂಧನದ ವಿಷಯ ಎಂದ ಕೂಡಲೇ ಎಲ್ಲರಿಗೂ ಮೊದಲು ಹೊಳೆಯುವುದು ಅದೇ. ನಾನೂ ಎರಡು ಮೂರು ಕಡೆ ಇಟ್ಟಿದ್ದೇನೆ. ಒಬ್ಬರು ಹತ್ತಿ ಕೂರುತ್ತಾರೆ, ತುಳಿಯುತ್ತಾರೆ, ಬಲ್ಬ್ ಹೊತ್ತುತ್ತದೆ, ಗೆಳೆಯರು ಫೋಟೊ ತೆಗೆಯುತ್ತಾರೆ, ಇಳಿದು ಹೋಗುತ್ತಾರೆ. ಬಲ್ಬ್ ಹೊತ್ತುತ್ತದೆ ಎಂದು ಹತ್ತುವ ಮೊದಲೇ ಅವರಿಗೆ ಗೊತ್ತಿತ್ತು. ಇಳಿದ ಮೇಲೂ ಗೊತ್ತಿರುವುದು ಅಷ್ಟೇ. ಇನ್ನೊಂದು ತೊಂದರೆಯೂ ಇದೆ. 9 ವ್ಯಾಟಿನ ಎಲ್‌ಇಡಿ ಬಲ್ಬ್ ಹೊತ್ತಿಸುವುದು ಕಾಲಿಗೆ ಲೆಕ್ಕಕ್ಕೇ ಇಲ್ಲದ ಕೆಲಸ. 'ಓ, ಇಷ್ಟೇನಾ' ಅನ್ನುವ ತಪ್ಪು ಅಂದಾಜು ತಲೆಯಲ್ಲಿ ಕೂತುಬಿಡುತ್ತದೆ.

ಸೈಕಲ್ ಇರಲಿ, ಬಲ್ಬ್ ತೆಗೆದುಬಿಡಿ. ಆ ಜಾಗಕ್ಕೆ ಒಂದು ಲೀಟರ್ ನೀರು ಹಿಡಿಯುವ ಕೆಟಲ್ ಇಡಿ. ಪಕ್ಕದಲ್ಲಿ ಒಂದು ಬೋರ್ಡ್: 'ಈ ನೀರು ಕುದಿಯಲು ಒಬ್ಬರು ಎಷ್ಟು ಹೊತ್ತು ತುಳಿಯಬೇಕು?' ಹತ್ತುವ ಮೊದಲು ಪ್ರತಿಯೊಬ್ಬರೂ ತಮ್ಮ ಅಂದಾಜು ಬರೆಯಲೇಬೇಕು. ಹೆಚ್ಚಿನವರು ಐದು ನಿಮಿಷ, ಹತ್ತು ನಿಮಿಷ ಅಂತ ಬರೆಯುತ್ತಾರೆ. ಲೆಕ್ಕ ಹಾಕಿದರೆ 20 ಡಿಗ್ರಿಯ ಒಂದು ಲೀಟರ್ ನೀರನ್ನು 100 ಡಿಗ್ರಿಗೆ ಏರಿಸಲು ಸುಮಾರು 93 ವ್ಯಾಟ್ ಅವರ್ ಬೇಕು. ಅಭ್ಯಾಸವಿಲ್ಲದ ಆರೋಗ್ಯವಂತರು ಒಂದೇ ಸಮನೆ ತುಳಿದರೆ ಸಿಗುವುದು 75ರಿಂದ 100 ವ್ಯಾಟ್. ಅಂದರೆ ಏನೂ ಸೋರದಿದ್ದರೂ ಸುಮಾರು ಒಂದರಿಂದ ಒಂದೂಕಾಲು ಗಂಟೆ ಹಿಡಿಯುತ್ತದೆ. 2,000 ವ್ಯಾಟಿನ ಕೆಟಲ್ ಅದನ್ನೇ ಮೂರು ನಿಮಿಷದಲ್ಲಿ ಮಾಡಿ ಮುಗಿಸುತ್ತದೆ. ಮಾಡುವಾಗ ಒಂದು ಎಚ್ಚರ ಇರಲಿ. ತುಳಿದದ್ದನ್ನು ಬ್ಯಾಟರಿಗೆ ತುಂಬಿಸಿ, ಕೊನೆಯಲ್ಲಿ ಒಟ್ಟಿಗೆ ಕೆಟಲ್‌ಗೆ ಬಿಡಬೇಕು. 75 ವ್ಯಾಟನ್ನು ನೇರ ಕೊಟ್ಟರೆ ನೀರು ಒಂದು ಕಡೆ ಬಿಸಿಯಾಗುತ್ತಾ ಇನ್ನೊಂದು ಕಡೆ ತಣ್ಣಗಾಗುತ್ತಾ ಕೂರುತ್ತದೆ, ಕುದಿಯುವುದು ಅನುಮಾನ.

ಪಕ್ಕದಲ್ಲೇ ಒಂದು ಲೀಟರ್ ಖಾಲಿ ಬಾಟಲಿ ಇಟ್ಟು 'ಇದರ ತುಂಬ ಪೆಟ್ರೋಲ್ ಇದೆ ಅಂದುಕೊಳ್ಳಿ' ಎಂದು ಬರೆಯಿರಿ. ಅದರಲ್ಲಿರುವ ಶಕ್ತಿ ಸುಮಾರು 9 ಯೂನಿಟ್, ಅಂದರೆ 9,000 ವ್ಯಾಟ್ ಅವರ್. 75 ವ್ಯಾಟಿನಂತೆ ತುಳಿದರೆ 120 ಗಂಟೆ, ದಿನಕ್ಕೆ ಎಂಟು ಗಂಟೆಯಂತೆ 15 ದಿನ. ಗುಂಪಿನಲ್ಲಿ ಒಬ್ಬ ಇಂಜಿನಿಯರ್ ಇದ್ದೇ ಇರುತ್ತಾರೆ, 'ಇಂಜಿನ್ ಅದರಲ್ಲಿ ಕಾಲು ಭಾಗದಷ್ಟನ್ನೇ ಚಕ್ರಕ್ಕೆ ತಲುಪಿಸುತ್ತದೆ, ಲೆಕ್ಕ ಸರಿಯಿಲ್ಲ' ಅನ್ನುತ್ತಾರೆ. ಅವರ ಕೈಗೆ ಪೆನ್ ಕೊಡಿ, ಬೋರ್ಡ್ ಮೇಲೆ ತಿದ್ದಲಿ. ತಿದ್ದಿದ ಮೇಲೂ 30 ಗಂಟೆ ಉಳಿಯುತ್ತದೆ. ಇಷ್ಟು ಹೊತ್ತಿಗೆ ಅಲ್ಲಿ ಹತ್ತು ಜನ ನಿಂತು ವಾದ ಮಾಡುತ್ತಿರುತ್ತಾರೆ. ನಿಮಗೆ ಬೇಕಾಗಿದ್ದದ್ದು ಅದೇ ಅಲ್ವಾ?

ಬಲ್ಬ್ ಹೋಗಿ ಕೆಟಲ್ ಬಂದಾಗ ಬದಲಾಗಿದ್ದು ಇಷ್ಟು. ಜನ ಮೊದಲು ಒಂದು ಮಾತಿಗೆ ಕಟ್ಟುಬಿದ್ದರು. ಆ ಮಾತು ಸುಳ್ಳಾಗುವ ಸಾಧ್ಯತೆ ಇತ್ತು. ಸೋಲಲಾಗದ ಜಾಗದಲ್ಲಿ ಆಟವಿಲ್ಲ, ಬರೀ ಪ್ರದರ್ಶನ ಇದೆ. ನಾನು ಯಾವ ಚಟುವಟಿಕೆಯನ್ನೇ ನೋಡಲಿ, ಮೊದಲು ಕೇಳುವುದು ಎರಡೇ ಪ್ರಶ್ನೆ. ಬಂದವರು ಇಲ್ಲಿ ಏನನ್ನು ತೀರ್ಮಾನಿಸುತ್ತಾರೆ? ಅವರು ಬೇರೆ ತೀರ್ಮಾನ ಮಾಡಿದ್ದರೆ ಬೇರೆ ಏನಾದರೂ ಆಗುತ್ತಿತ್ತಾ? ಎರಡನೆಯದಕ್ಕೆ 'ಇಲ್ಲ' ಎಂಬ ಉತ್ತರ ಬಂದರೆ, ಎಷ್ಟೇ ಬಣ್ಣ ಹಚ್ಚಿದರೂ ಅದನ್ನು ಬಿಟ್ಟುಬಿಡುತ್ತೇನೆ.

ವಿಆರ್ ಕನ್ನಡಕದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಒಂದು ಲೆಕ್ಕ ಮಾತ್ರ. ಐದು ನಿಮಿಷದ ದೃಶ್ಯ, ಹಾಕಿ ತೆಗೆದು ಒರೆಸಲು ಎರಡು ನಿಮಿಷ. ಆರು ಗಂಟೆ ಬಿಡುವಿಲ್ಲದೆ ನಡೆಸಿದರೂ ಒಂದು ಕನ್ನಡಕ ದಿನಕ್ಕೆ 50 ಜನರನ್ನು ದಾಟಿಸುತ್ತದೆ. ನಿಮ್ಮ 400 ಜನಕ್ಕೂ ಒಂದೇ ದಿನದಲ್ಲಿ ತೋರಿಸಲು ಎಂಟು ಕನ್ನಡಕ, ಎಂಟು ಸಹಾಯಕರು, ಮತ್ತು ಉದ್ದನೆಯ ಸಾಲು. ಒಳಗಿರುವವರು ಒಬ್ಬೊಬ್ಬರೇ, ಹೊರಗಿರುವವರಿಗೆ ಏನೂ ಕಾಣುವುದಿಲ್ಲ. ಜನ ಒಬ್ಬರನ್ನೊಬ್ಬರು ಭೇಟಿಯಾಗಲೆಂದೇ ಬಂದಿರುವ ಕಡೆ ಕಣ್ಣು ಕಟ್ಟಿ ಕೂರಿಸುವುದು ನನಗಂತೂ ಒಗ್ಗುವುದಿಲ್ಲ.

ಈಗ ಹಿರಿಯರ ಮುಜುಗರಕ್ಕೆ ಬರೋಣ. 'ಆಟ' ಎಂಬ ಪದ ತೊಂದರೆ ಕೊಟ್ಟರೆ 'ಅಭ್ಯಾಸ' ಎನ್ನಿ, 'ತಾಲೀಮು' ಎನ್ನಿ, ನಷ್ಟವಿಲ್ಲ. ಆದರೆ ಅವರಿಗೆ ಒಂದೆರಡು ಹಳೆಯ ಕಥೆ ಹೇಳಿ. 1824ರಲ್ಲಿ ರೈಸ್‌ವಿಟ್ಜ್ ಎಂಬ ಪ್ರಷ್ಯಾದ ಯುವ ಅಧಿಕಾರಿ ನಕ್ಷೆ ಮತ್ತು ದಾಳಗಳ ಯುದ್ಧದಾಟವೊಂದನ್ನು ಸೇನಾ ಮುಖ್ಯಸ್ಥರ ಮುಂದಿಟ್ಟ. ನೋಡಿದವರು ಅದನ್ನು ಇಡೀ ಸೈನ್ಯಕ್ಕೆ ಶಿಫಾರಸು ಮಾಡಿದರು. ನಿಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು ಬೇಕಾದರೆ, 1970ರ ದಶಕದ ಆರಂಭದಲ್ಲಿ ಶೆಲ್ ಕಂಪನಿಯಲ್ಲಿ ಪಿಯರ್ ವ್ಯಾಕ್ ಮತ್ತು ಜೊತೆಗಾರರು 'ತೈಲ ಉತ್ಪಾದಿಸುವ ದೇಶಗಳು ಒಂದಾಗಿ ಪೂರೈಕೆ ಬಿಗಿಹಿಡಿದರೆ?' ಎಂಬ ಕಥೆ ಕಟ್ಟಿ ಮೇಲಿನವರ ಮುಂದೆ ಇಟ್ಟಿದ್ದರು. 1973ರ ಕೊನೆಗೆ ಅದೇ ನಡೆದು ತೈಲದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟಾಯಿತು. 'ಹೀಗಾದರೆ ಏನು ಮಾಡ್ತೀರಿ?' ಎಂದು ಗಂಭೀರವಾಗಿ ಕೇಳುವುದೇ ಇವೆರಡರ ತಿರುಳು. ಮಕ್ಕಳಾಟ ಅಂತ ಮೂಗು ಮುರಿಯುವವರಿಗೆ ಇಷ್ಟು ಸಾಕಾಗುತ್ತದೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಒಂದೇ ಒಂದು ದೊಡ್ಡ ಆಟ ಇಡುತ್ತಿದ್ದೆ. ಅದು ಗ್ರಿಡ್ ಸಮತೋಲನದ ಆಟ. ಗ್ರಿಡ್ ಅಂದರೆ ಕರೆಂಟ್ ತಯಾರಿಸುವವರನ್ನೂ ಬಳಸುವವರನ್ನೂ ಬೆಸೆಯುವ ಜಾಲ. ಕರೆಂಟಿನ ಬಗ್ಗೆ ಹೆಚ್ಚಿನವರಿಗೆ ಮೈಯಲ್ಲಿ ಇಳಿಯದ ಸತ್ಯ ಒಂದಿದೆ: ಉತ್ಪಾದನೆ ಮತ್ತು ಬಳಕೆ ಪ್ರತಿ ಕ್ಷಣವೂ ಸಮ ಇರಬೇಕು. ಬಳಕೆ ಜಾಸ್ತಿಯಾದರೆ ಗ್ರಿಡ್‌ನ ಆವರ್ತನ (ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಎಂಬ ಲೆಕ್ಕ) 50 ಹರ್ಟ್ಸ್‌ನಿಂದ, ಕೆಲವು ದೇಶಗಳಲ್ಲಿ 60ರಿಂದ, ಕೆಳಗೆ ಜಾರುತ್ತದೆ. ಉತ್ಪಾದನೆ ಜಾಸ್ತಿಯಾದರೆ ಮೇಲೆ ಹೋಗುತ್ತದೆ. ಯಾವ ಕಡೆ ಅತಿಯಾದರೂ ಯಂತ್ರಗಳು ತಮ್ಮನ್ನು ಉಳಿಸಿಕೊಳ್ಳಲು ತಾವೇ ಕಳಚಿಕೊಳ್ಳುತ್ತವೆ. ಇದನ್ನು ಸ್ಲೈಡ್‌ನಲ್ಲಿ ತೋರಿಸಿದರೆ ಎಲ್ಲರೂ ತಲೆದೂಗುತ್ತಾರೆ, ಊಟದ ಹೊತ್ತಿಗೆ ಮರೆಯುತ್ತಾರೆ.

ಮೇಜಿಗೆ 16 ಜನ. ಐದು ಜನ ಉತ್ಪಾದಕರು: ಕಲ್ಲಿದ್ದಲು, ಪರಮಾಣು, ಜಲವಿದ್ಯುತ್, ಸೋಲಾರ್, ಗಾಳಿ. ಒಬ್ಬರು ಬ್ಯಾಟರಿ. ಬಳಸುವವರಲ್ಲಿ ಮೂರು ಮನೆ, ಎರಡು ಕಾರ್ಖಾನೆ, ಒಂದು ಆಸ್ಪತ್ರೆ, ಒಂದು ಕಚೇರಿ, ಒಂದು ಕಾರ್ ಚಾರ್ಜಿಂಗ್ ಕೇಂದ್ರ. ಒಬ್ಬರು ಗ್ರಿಡ್ ನಡೆಸುವವರು. ಉಳಿದ ಒಬ್ಬರು ಬರೀ ನೋಡಿ ಬರೆದುಕೊಳ್ಳುವವರು. ಕರೆಂಟಿನ ಬದಲು ಮರದ ತುಂಡುಗಳು. ಒಂದು ದಿನವನ್ನು ನಾಲ್ಕು ನಾಲ್ಕು ಗಂಟೆಯ ಆರು ಸುತ್ತಾಗಿ ಒಡೆಯಿರಿ. ಪ್ರತಿ ಸುತ್ತಿನ ಕೊನೆಗೆ ಮೇಜಿನ ನಡುವೆ ಬಿದ್ದ ತುಂಡುಗಳು ಬೇಡಿಕೆಗೆ ಸರಿಹೊಂದಬೇಕು. ಒಂದು ತುಂಡಿನ ಹೆಚ್ಚುಕಡಿಮೆಗೆ ಮಾಫಿ.

ಆಟದ ಜೀವ ಇರುವುದು ಒಬ್ಬೊಬ್ಬರ ಗುಣದಲ್ಲಿ. ಪರಮಾಣು ಸ್ಥಾವರ ಪ್ರತಿ ಸುತ್ತಿಗೆ 3 ತುಂಡು ಕೊಡುತ್ತದೆ, ಕೇಳಿದರೂ ಬದಲಾಗುವುದಿಲ್ಲ. ಕಲ್ಲಿದ್ದಲು 2ರಿಂದ 6, ಆದರೆ ಒಂದು ಸುತ್ತಿಗೆ 2 ತುಂಡಿಗಿಂತ ಜಾಸ್ತಿ ಏರಲು ಇಳಿಯಲು ಆಗುವುದಿಲ್ಲ, ಅದನ್ನೂ ಒಂದು ಸುತ್ತು ಮುಂಚೆ ಹೇಳಬೇಕು. ಜಲವಿದ್ಯುತ್ ಬೇಕೆಂದ ತಕ್ಷಣ 4ರವರೆಗೆ ಕೊಡುತ್ತದೆ, ಆದರೆ ಅಣೆಕಟ್ಟಿನಲ್ಲಿ ಇಡೀ ದಿನಕ್ಕೆ ಇರುವುದು 10 ಮಾತ್ರ. ಸೋಲಾರ್ ಬೆಳಗ್ಗೆ ಮಧ್ಯಾಹ್ನ 5, ಸಂಜೆ 1, ರಾತ್ರಿ ಸೊನ್ನೆ. ಮೋಡದ ಚೀಟಿ ಬಂದರೆ ಹೆಚ್ಚುಕಡಿಮೆ ಅರ್ಧ. ಗಾಳಿಗೆ ದಾಳ. ಇಲ್ಲಿ ಒಂದು ಚಿಕ್ಕ ಪಾಠ ಸೇರಿಸಬಹುದು. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ. ಹಾಗಾಗಿ ದಾಳದ ಸಣ್ಣ ಸಂಖ್ಯೆಗಳಿಗೆ ಏನೂ ಕೊಡಬೇಡಿ, 6 ಬಿದ್ದರೆ ಧಾರಾಳವಾಗಿ ಕೊಡಿ. ಬ್ಯಾಟರಿ 4 ತುಂಡು ಹಿಡಿದಿಟ್ಟುಕೊಳ್ಳಬಹುದು, ವಾಪಸ್ ಕೊಡುವುದು 3. ನಿಜದ ಬ್ಯಾಟರಿ ಇದಕ್ಕಿಂತ ಒಳ್ಳೆಯದು, ಆದರೆ ಮರದ ತುಂಡನ್ನು ಕತ್ತರಿಸಲಾಗದು ನೋಡಿ.

ಬೇಡಿಕೆ ನಡುರಾತ್ರಿ 6, ಮಧ್ಯಾಹ್ನ 11, ಸಂಜೆ 14. ಮೊದಲ ಸಲ ಆಡಿದ ಹೆಚ್ಚಿನ ಮೇಜುಗಳು ಮಾಡುವ ತಪ್ಪು ಒಂದೇ. ಮಧ್ಯಾಹ್ನ ಬಿಸಿಲು ಜೋರಾಗಿದೆ, ಸೋಲಾರ್ ತುಂಡು ರಾಶಿ ಬಿದ್ದಿದೆ, ಎಲ್ಲರೂ ಖುಷಿಯಾಗಿ ಕಲ್ಲಿದ್ದಲನ್ನು 2ಕ್ಕೆ ಇಳಿಸುತ್ತಾರೆ. ಸಂಜೆ ಸೂರ್ಯ ಮುಳುಗುತ್ತಾನೆ, ಮನೆಗಳಲ್ಲಿ ದೀಪ ಹತ್ತುತ್ತದೆ. ಕಲ್ಲಿದ್ದಲು 4ಕ್ಕಿಂತ ಮೇಲೆ ಏರಲಾರದು. ಅಣೆಕಟ್ಟಿನ ನೀರನ್ನು ಬೆಳಗ್ಗೆಯೇ ಖರ್ಚು ಮಾಡಿ ಆಗಿದೆ. ಗ್ರಿಡ್ ನಡೆಸುವವರ ಮುಖ ನೋಡಬೇಕು ಆಗ. ಕ್ಯಾಲಿಫೋರ್ನಿಯಾದ ಗ್ರಿಡ್ ನಿರ್ವಾಹಕರು 2013ರಲ್ಲಿ ಇದನ್ನೇ, ಬೇಡಿಕೆಯಲ್ಲಿ ಸೋಲಾರ್ ಮತ್ತು ಗಾಳಿ ಕಳೆದು ಉಳಿಯುವುದನ್ನು, ದಿನದ ಉದ್ದಕ್ಕೂ ಒಂದು ಗೆರೆಯಾಗಿ ಎಳೆದು ತೋರಿಸಿದ್ದರು. ಮಧ್ಯಾಹ್ನ ಹೊಟ್ಟೆಯಂತೆ ಜೋತು, ಸಂಜೆ ಕತ್ತಿನಂತೆ ಎದ್ದು ನಿಲ್ಲುವುದರಿಂದ ಅದಕ್ಕೆ ಬಾತುಕೋಳಿ ಗೆರೆ ಎಂದೇ ಹೆಸರು ಬಿತ್ತು. ಆಡಿ ಸೋತ ಮೇಲೆ ಆ ಗೆರೆ ತೋರಿಸಿ. ಯಾರೂ ಫೋನ್ ನೋಡುವುದಿಲ್ಲ.

ತುಂಡು ಸಾಲದೆ ಹೋದಾಗ ಒಂದು ಕಟ್ಟುನಿಟ್ಟಿನ ನಿಯಮ: ಯಾರದ್ದಾದರೂ ಕರೆಂಟ್ ತೆಗೆಯಲೇಬೇಕು. ಯಾರದ್ದು ಅಂತ ಎರಡು ನಿಮಿಷದಲ್ಲಿ ಮೇಜಿನವರೇ ತೀರ್ಮಾನಿಸಬೇಕು. ಇಡೀ ಆಟ ಇರುವುದು ಈ ಎರಡು ನಿಮಿಷಕ್ಕಾಗಿ.

ನಾನು ನಡೆಸಿದ ಒಂದು ಆಟದಲ್ಲಿ ಈ ಕ್ಷೇತ್ರದಲ್ಲೇ ಕೂದಲು ಹಣ್ಣಾದ ಇಂಜಿನಿಯರೊಬ್ಬರು ಗ್ರಿಡ್ ನಡೆಸುತ್ತಿದ್ದರು. ಕೊರತೆ ಬಂದ ತಕ್ಷಣ, ಯಾರನ್ನೂ ಕೇಳದೆ, ಒಂದು ಮನೆಯ ಚೀಟಿ ಮಗುಚಿಟ್ಟರು. ಮುಂದಿನ ಸುತ್ತಿನಲ್ಲೂ ಅದೇ ಮನೆ. ಆ ಮನೆಯ ಪಾತ್ರದಲ್ಲಿ ಒಬ್ಬ ವಿದ್ಯಾರ್ಥಿನಿ ಇದ್ದಳು. ಎದ್ದು ನಿಂತು ಕೇಳಿದಳು, 'ಸರ್, ಎರಡು ಸಲಾನೂ ನನ್ನನ್ನೇ ಯಾಕೆ?' ಅವರು ಬಾಯಿ ತೆರೆದರು, ಮುಚ್ಚಿದರು. ಆಮೇಲೆ ನಿಧಾನವಾಗಿ ಹೇಳಿದರು, 'ಗೊತ್ತಿಲ್ಲಮ್ಮ. ನೀನು ನನ್ನಿಂದ ದೂರ ಕೂತಿದ್ದೆ, ಅದಕ್ಕೇ ಇರಬೇಕು.' ಅಲ್ಲಿಗೆ ಮೇಜು ಸ್ತಬ್ಧ. ಎರಡನೆಯ ದಿನದ ಭಾಷಣಗಳಲ್ಲೂ ಜನ ಆ ಮಾತನ್ನು ಎತ್ತುತ್ತಿದ್ದರು.

ಇದು ಮೇಜಿನ ಮೇಲಿನ ಮಾತು ಮಾತ್ರ ಅಂದುಕೊಳ್ಳಬೇಡಿ. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಭಾರಿ ಚಳಿ ಬಿದ್ದು ಸ್ಥಾವರಗಳು ಒಂದರ ಹಿಂದೆ ಒಂದು ನಿಂತವು. ಇಡೀ ಗ್ರಿಡ್ ಕುಸಿಯಲು 4 ನಿಮಿಷ 37 ಸೆಕೆಂಡು ಬಾಕಿ ಇತ್ತು ಎಂದು ಅಲ್ಲಿನ ನಿರ್ವಾಹಕರೇ ಆಮೇಲೆ ಹೇಳಿದರು. ಅದನ್ನು ತಡೆಯಲು ಲಕ್ಷಾಂತರ ಮನೆಗಳ ಕರೆಂಟ್ ತೆಗೆದರು. ಸರದಿಯಂತೆ ಸ್ವಲ್ಪ ಸ್ವಲ್ಪ ಹೊತ್ತು ತೆಗೆಯುವ ಯೋಜನೆ ಇದ್ದದ್ದು. ಸರದಿ ತಿರುಗಿಸಲು ಆಗದೆ, ಎಷ್ಟೋ ಮನೆಗಳು ದಿನಗಟ್ಟಲೆ ಕತ್ತಲಲ್ಲಿ ಉಳಿದವು. ಆಸ್ಪತ್ರೆ ಇದ್ದ ಲೈನಿನಲ್ಲಿ ಇದ್ದವರಿಗೆ ಕರೆಂಟ್ ಉಳಿಯಿತು. ದೂರ ಕೂತವರು ಯಾರು ಎಂಬ ಪ್ರಶ್ನೆ ಅಲ್ಲೂ ಎದ್ದಿತ್ತು.

ಎರಡನೆಯ ಸಲ ಆಡಿಸಿದಾಗ ಇನ್ನೊಂದು ಹೊಸ ಸಂಗತಿ ಹೊಳೆಯುತ್ತದೆ. ಕಾರ್ ಚಾರ್ಜಿಂಗ್‌ನವರಿಗೆ ದಿನಕ್ಕೆ 4 ತುಂಡು ಬೇಕು, ಯಾವ ಹೊತ್ತಿನಲ್ಲಾದರೂ ಸರಿ. ಇದು ಅವರ ಚೀಟಿಯ ಮೇಲೆ ಮೊದಲಿನಿಂದಲೂ ಬರೆದಿರುತ್ತದೆ. ಆದರೂ ಮೊದಲ ಆಟದಲ್ಲಿ ಯಾರೂ ಅವರನ್ನು ಕೇಳುವುದಿಲ್ಲ, ಅವರಾಗಿ ಹೇಳುವುದೂ ಇಲ್ಲ, ಸುಮ್ನೆ ಸಂಜೆ ಹೊತ್ತು ಎಳೆದುಕೊಳ್ಳುತ್ತಾರೆ. ಬಳಸುವವರೂ ಹೊತ್ತು ಬದಲಿಸಿ ನೆರವಾಗಬಹುದು ಎಂಬುದನ್ನು ನೀವು ಹೇಳಿಕೊಡಬೇಡಿ. ಅವರೇ ಕಂಡುಕೊಳ್ಳಲಿ. ಹೇಳಿಕೊಟ್ಟರೆ ಅದು ಇನ್ನೊಂದು ಸ್ಲೈಡ್ ಆಯಿತು.

ಜನರ ಲೆಕ್ಕ ಹೀಗೆ. ಆರು ಮೇಜು ಹಾಕಿದರೆ ಒಂದು ಸರದಿಗೆ 96 ಜನ. ಎರಡು ದಿನದಲ್ಲಿ ನಾಲ್ಕು ಸರದಿ ಆದರೆ ಹೆಚ್ಚುಕಡಿಮೆ ಎಲ್ಲರೂ ಆಡಿದ ಹಾಗಾಯಿತು. ಮೇಜಿಗೊಬ್ಬರಂತೆ ಆಟ ನಡೆಸಿಕೊಡುವವರು ಆರು ಜನ ಬೇಕು. ಬರುವ ವಿದ್ಯಾರ್ಥಿಗಳಲ್ಲೇ ಆರಿಸಿ ಎರಡು ದಿನ ತರಬೇತಿ ಕೊಡಿ. ದುಡ್ಡನ್ನು ಪರದೆ ಸೆನ್ಸರ್‌ಗಳಿಗೆ ಸುರಿಯುವ ಬದಲು ಇವರಿಗೆ ಹಾಕಿ. ಕೆಟ್ಟ ಆಟವನ್ನು ಒಳ್ಳೆಯ ನಡೆಸುವವರು ಎತ್ತಿ ನಿಲ್ಲಿಸಬಲ್ಲರು. ಉಲ್ಟಾ ಆಗಿದ್ದನ್ನು ನಾನು ನೋಡಿಲ್ಲ.

ಆಟದಷ್ಟೇ ಹೊತ್ತನ್ನು ಆಟದ ನಂತರದ ಮಾತಿಗೂ ಇಡಿ. 40 ನಿಮಿಷ ಆಡಿದರೆ 40 ನಿಮಿಷ ಮಾತು. ಕಾರ್ಯಕ್ರಮ ಹಿಂದೆ ಬಿದ್ದಾಗ ಸಂಘಟಕರು ಮೊದಲು ಕತ್ತರಿಸುವುದು ಇದನ್ನೇ. ಹಾಗೆ ಮಾಡುವುದಾದರೆ ಆಟವನ್ನೇ ಬಿಡಿ. ಏನಾಯಿತು, ಯಾಕಾಯಿತು, ಇದನ್ನು ಹೊರಗೆ ಎಲ್ಲಿ ನೋಡಿದ್ದೀರಿ, ಈ ಕ್ರಮದಲ್ಲೇ ಕೇಳಬೇಕು. ನೇರ ಮೂರನೆಯದಕ್ಕೆ ಹಾರಿದರೆ ಎಲ್ಲರೂ ಮನೆಯಿಂದ ತಂದ ಅಭಿಪ್ರಾಯವನ್ನೇ ಬಿಚ್ಚುತ್ತಾರೆ. ನೋಡಿ ಬರೆದುಕೊಂಡವರು ಮೊದಲು ಮಾತಾಡಲಿ. ಯಾರು ಯಾರನ್ನು ಕೇಳಲೇ ಇಲ್ಲ ಎಂಬುದು ಅವರಿಗೆ ಮಾತ್ರ ಕಂಡಿರುತ್ತದೆ.

ಪಾತ್ರ ಹಂಚುವಾಗ ಬೇಕೆಂದೇ ಅದಲು ಬದಲು ಮಾಡಿ. ಸೋಲಾರ್ ಕಂಪನಿಯವರ ಕೈಗೆ ಕಲ್ಲಿದ್ದಲು, ಅಧಿಕಾರಿಗಳಿಗೆ ಮನೆ, ವಿದ್ಯಾರ್ಥಿಗೆ ಗ್ರಿಡ್. ಆಡಲು ಇಷ್ಟವಿಲ್ಲದವರನ್ನು ಎಳೆದು ತರಬೇಡಿ, ಗಡಿಯಾರ ನೋಡುವ ಕೆಲಸ ಕೊಡಿ. ನಾಚಿಕೆಯವರಿಗೆ ಆಸ್ಪತ್ರೆಯ ಪಾತ್ರ ಹೇಳಿ ಮಾಡಿಸಿದ್ದು. ಮಾತು ಕಡಿಮೆ, ತೂಕ ಜಾಸ್ತಿ. ತುಂಡುಗಳಿಗೆ ಬಣ್ಣದ ಜೊತೆ ಗುರುತೂ ಇರಲಿ, ಕೆಂಪು ಹಸಿರು ಬೇರೆ ಮಾಡಲಾಗದವರು ಯಾವ ಗುಂಪಿನಲ್ಲೂ ಇರುತ್ತಾರೆ. ಗಾಲಿಕುರ್ಚಿ ಮೇಜಿನ ಕೆಳಗೆ ಹೋಗುವಂತಿರಲಿ. ಅಂಕ, ಬಹುಮಾನ, 'ಇಂದಿನ ವಿಜೇತರು' ಬೋರ್ಡ್, ಇವು ಯಾವುದೂ ಬೇಡ. ಬಹುಮಾನ ಇಟ್ಟ ದಿನ ಜನ ಗ್ರಿಡ್ ಬಿಟ್ಟು ನಿಯಮದ ತೂತು ಹುಡುಕಲು ಶುರು ಮಾಡುತ್ತಾರೆ.

ಎಲ್ಲಿ ಇಡುತ್ತೀರಿ ಎಂಬುದು ನೀವಂದುಕೊಂಡಿದ್ದಕ್ಕಿಂತ ದೊಡ್ಡ ವಿಷಯ. ಭಾಷಣಗಳು ದೊಡ್ಡ ಸಭಾಂಗಣದಲ್ಲಿ, ಆಟ ಪಡಸಾಲೆಯಲ್ಲಿ ಅಂದರೆ, ಯಾವುದು ಮುಖ್ಯ ಅಂತ ಜನಕ್ಕೆ ನೀವೇ ಹೇಳಿದಂತಾಯಿತು. ಊಟದ ನಂತರದ ಮೊದಲ ಗಂಟೆಯನ್ನು ಆಟಕ್ಕೆ ಕೊಡಿ. ಆ ಹೊತ್ತಿನಲ್ಲಿ ಭಾಷಣ ಇಟ್ಟರೆ ಹೇಗೂ ನಿದ್ದೆ.

ಕಟ್ಟಿಕೊಳ್ಳಲು ಸಮಯವಿಲ್ಲದಿದ್ದರೆ ತಯಾರಾಗಿ ಸಿಗುವುದೂ ಇದೆ. ಕ್ಲೈಮೇಟ್ ಇಂಟರ್‌ಆಕ್ಟಿವ್ ಸಂಸ್ಥೆ ಮತ್ತು ಅಮೆರಿಕದ ಎಂಐಟಿಯ ಸ್ಲೋನ್ ಮ್ಯಾನೇಜ್‌ಮೆಂಟ್ ಶಾಲೆ ಸೇರಿ ಮಾಡಿರುವ ಎನ್-ರೋಡ್ಸ್ ಎಂಬ ಸಿಮ್ಯುಲೇಟರ್ ಅಂತರ್ಜಾಲದಲ್ಲಿ ಉಚಿತ. ಜನ ಸರ್ಕಾರ, ಉದ್ಯಮ, ಹೋರಾಟಗಾರರು ಹೀಗೆ ಗುಂಪಾಗಿ ಕೂತು ಒಂದು ಒಪ್ಪಂದಕ್ಕೆ ಬರಬೇಕು. ಒಂದೊಂದು ತೀರ್ಮಾನಕ್ಕೂ 2100ರ ಹೊತ್ತಿಗೆ ತಾಪಮಾನ ಎಷ್ಟು ಎಂದು ಪರದೆಯಲ್ಲಿ ಕಾಣುತ್ತದೆ. ಮರ ನೆಡುವುದರಿಂದಲೇ ಎಲ್ಲ ಸರಿಹೋಗುತ್ತದೆ ಎಂದು ಅದನ್ನೇ ಮೊದಲು ಹಿಡಿಯುವವರು ಬಹಳ. ಪೂರ್ತಿ ಎಳೆದರೂ ಸಂಖ್ಯೆ ಅಷ್ಟೇನೂ ಇಳಿಯುವುದಿಲ್ಲ. ಸಭೆಯಲ್ಲಿ ಆಗ ಏಳುವ ಗುಜುಗುಜು ಕೇಳಲು ಚೆನ್ನ. ಇದರಲ್ಲಿ ಗ್ರಿಡ್‌ನ ಕ್ಷಣಕ್ಷಣದ ಬಿಕ್ಕಟ್ಟು ಸಿಗುವುದಿಲ್ಲ, ಆದರೆ ದಶಕಗಳ ಲೆಕ್ಕ ಸಿಗುತ್ತದೆ.

ಸಂಖ್ಯೆಗಳ ಬಗ್ಗೆ ಒಂದು ಮಾತು. ನಿಮ್ಮ ಸಮ್ಮೇಳನಕ್ಕೆ ಪ್ರಾಯೋಜಕರು ಇರುತ್ತಾರೆ. ಬ್ಯಾಟರಿ ಕಂಪನಿ ದುಡ್ಡು ಕೊಟ್ಟ ಆಟದಲ್ಲಿ ಬ್ಯಾಟರಿಯೇ ಪ್ರತಿ ಸಲ ಗೆದ್ದರೆ ಐದನೇ ನಿಮಿಷಕ್ಕೆ ಜನಕ್ಕೆ ವಾಸನೆ ಬಡಿಯುತ್ತದೆ. ಎಲ್ಲ ಸಂಖ್ಯೆಗಳನ್ನೂ ಗೋಡೆಯ ಮೇಲೆ ಅಂಟಿಸಿ, ಪಕ್ಕದಲ್ಲಿ ಪೆನ್ಸಿಲ್ ಕಟ್ಟಿ. ತಪ್ಪು ಅನ್ನಿಸಿದವರು ತಿದ್ದಲಿ. ತಿದ್ದಿದ ಸಂಖ್ಯೆಯಲ್ಲೇ ಮುಂದಿನ ಸರದಿ ಆಡಿಸಿ.

ಈಗ ಮುಂದಿನ ದಿನಗಳ ಪ್ರಶ್ನೆ. '2050ರಲ್ಲಿ ಇಂಧನ ಹೇಗಿರುತ್ತದೆ?' ಅಂತ ಕೇಳಿದರೆ ಎಲ್ಲರೂ ಹಸಿರು, ಸ್ವಚ್ಛ, ಸ್ಮಾರ್ಟ್ ಅಂತ ಬರೆದು ಕೂರುತ್ತಾರೆ. ಅದರ ಬದಲು ಆ ಕಾಲದ ಒಂದು ಚಿಕ್ಕ ವಸ್ತು ಮಾಡಿಸಿ. ಒಂದು ಕರೆಂಟ್ ಬಿಲ್, ಬಾಡಿಗೆ ಮನೆಯ ಜಾಹೀರಾತು, ಶಾಲೆಯ ಸೂಚನೆ. ಸ್ಟುವರ್ಟ್ ಕ್ಯಾಂಡಿ ಮತ್ತು ಜೆಫ್ ವಾಟ್ಸನ್ ಎಂಬವರು ಇದೇ ಎಳೆಯ ಮೇಲೆ ಒಂದು ಕಾರ್ಡ್ ಆಟವನ್ನೇ ಮಾಡಿದ್ದಾರೆ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಒಳ್ಳೆಯದು ದೂರಿನ ಪತ್ರ. ಕನಸು ಬರೆಯಿರಿ ಅಂದರೆ ಜನ ಸುಳ್ಳು ಬರೆಯುತ್ತಾರೆ, ದೂರು ಬರೆಯಿರಿ ಅಂದರೆ ಬದುಕನ್ನು ಬರೆಯುತ್ತಾರೆ. ಒಂದು ಕಡೆ ಹೀಗೊಂದು ಬಂದಿತ್ತು: 'ನಿನ್ನೆ ರಾತ್ರಿ ನನ್ನ ಕಾರಿನ ಬ್ಯಾಟರಿಯಿಂದ ಗ್ರಿಡ್‌ಗೆ ಕರೆಂಟ್ ಎಳೆದುಕೊಂಡಿದ್ದೀರಿ. ದುಡ್ಡು ಜಮಾ ಆಗಿದೆ, ಸರಿ. ಆದರೆ ನಡುರಾತ್ರಿ ನಮ್ಮ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಗಿತ್ತು.' ಇದನ್ನು ಬರೆದವರು ಅಂಥದ್ದೇ ಯೋಜನೆಯಲ್ಲಿ ಕೆಲಸ ಮಾಡುತ್ತಿದ್ದವರು. ಈ ಪತ್ರಗಳನ್ನು ವೇದಿಕೆಯಲ್ಲಿ ಓದಿಸಿ, ಸಂಬಂಧಪಟ್ಟವರು ಅಲ್ಲೇ ಉತ್ತರ ಕೊಡಲಿ.

ಗೋಡೆಗೆ ಚೀಟಿ ಅಂಟಿಸುವುದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಯಾಕೆಂದರೆ ನನಗೆ ಅದರ ಮೇಲೆ ಸಿಟ್ಟಿದೆ. ಒಂದು ಸಮ್ಮೇಳನದಲ್ಲಿ ಗೋಡೆ ತುಂಬ ಹಳದಿ ಚೀಟಿ, ನೋಡಲು ಕಣ್ಣಿಗೆ ಹಬ್ಬ. ಸಂಜೆ ಆರಕ್ಕೆ ಶುಚಿ ಮಾಡುವವರು ಬಂದು 'ಇದನ್ನು ತೆಗೀಬಹುದಾ?' ಅಂತ ಕೇಳಿದರು. ಸಂಘಟಕರು 'ತೆಗೀರಿ' ಅಂದರು. ಬರೆದವರಲ್ಲಿ ಕೆಲವರು ಅಲ್ಲೇ ನಿಂತು ನೋಡುತ್ತಿದ್ದರು. ಶೆರಿ ಆರ್ನ್‌ಸ್ಟೈನ್ 1969ರಲ್ಲೇ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲ ಏಣಿಯಾಗಿ ಬರೆದಿದ್ದರು. ಕೆಳಗಿನ ಮೆಟ್ಟಿಲುಗಳಲ್ಲಿ ಜನರನ್ನು ಸಮಾಧಾನ ಮಾಡಿ ಕಳಿಸುವುದಷ್ಟೇ ನಡೆಯುತ್ತದೆ, ಮೇಲಿನವುಗಳಲ್ಲಿ ಅಧಿಕಾರ ಕೈ ಬದಲಿಸುತ್ತದೆ. ಚೀಟಿಯ ಗೋಡೆ ಎಷ್ಟನೇ ಮೆಟ್ಟಿಲಲ್ಲಿ ಕೂರುತ್ತದೆ ಎಂದು ನೀವೇ ನೋಡಿ.

ಫ್ರಾನ್ಸ್‌ನಲ್ಲಿ 2019ರಲ್ಲಿ ಚೀಟಿ ಎತ್ತಿ ಆರಿಸಿದ 150 ಸಾಮಾನ್ಯ ನಾಗರಿಕರನ್ನು ಹವಾಮಾನದ ವಿಷಯದಲ್ಲಿ ಶಿಫಾರಸು ಮಾಡಲು ಕೂರಿಸಿದರು. ತಿಂಗಳುಗಟ್ಟಲೆ ಕೂತು ಕಲಿತು ಅವರು ಪ್ರಸ್ತಾವಗಳನ್ನು ಕೊಟ್ಟರು. ಅವನ್ನು ಸೋಸದೆ ಮುಂದಕ್ಕೆ ಕಳಿಸುತ್ತೇನೆ ಎಂದು ಅಧ್ಯಕ್ಷ ಮ್ಯಾಕ್ರಾನ್ ಮಾತು ಕೊಟ್ಟಿದ್ದರು. ಆದರೆ ಹಲವು ಪ್ರಸ್ತಾವಗಳು ದಾರಿಯಲ್ಲಿ ತೆಳುವಾದವು. 2021ರಲ್ಲಿ ಅದೇ ನಾಗರಿಕರು ಕೂತು ಸರ್ಕಾರಕ್ಕೆ ಅಂಕ ಕೊಟ್ಟಾಗ 10ಕ್ಕೆ 4 ಕೂಡ ಬರಲಿಲ್ಲ. ಅಷ್ಟು ದೊಡ್ಡ ಮಾತು ನೀವು ಕೊಡಬೇಕಾಗಿಲ್ಲ. ಸಣ್ಣ ಮಾತು ಕೊಟ್ಟು ಉಳಿಸಿಕೊಳ್ಳಿ. ಉದಾಹರಣೆಗೆ, ಎರಡನೆಯ ದಿನ ಮಧ್ಯಾಹ್ನದ ಒಂದು ಗಂಟೆ ಖಾಲಿ ಬಿಡಿ. ಆ ಗಂಟೆಯಲ್ಲಿ ಯಾವ ವಿಷಯ, ಯಾರು ಮಾತಾಡಬೇಕು, ಯಾರು ಉತ್ತರ ಕೊಡಬೇಕು ಎಂಬುದನ್ನು ಮೊದಲ ದಿನ ಆಡಿದವರೇ ಆರಿಸಲಿ. ಸಮ್ಮೇಳನಗಳಲ್ಲಿ ಜನ ನಿಜಕ್ಕೂ ಮೆಚ್ಚುವುದು ಕಾಫಿ ಬಿಡುವನ್ನು ಎಂದು ಗಮನಿಸಿದ ಹ್ಯಾರಿಸನ್ ಓವನ್ 1980ರ ದಶಕದಲ್ಲಿ ಹೀಗೆ ಖಾಲಿ ವೇಳಾಪಟ್ಟಿಯ ಸಭೆಗಳನ್ನೇ ಶುರು ಮಾಡಿದರು. ನಿಮ್ಮ ಮೇಲಿನವರು ಎರಡು ದಿನವನ್ನೂ ಖಾಲಿ ಬಿಡಲು ಒಪ್ಪಲಿಕ್ಕಿಲ್ಲ. ಒಂದು ಗಂಟೆಗೆ ಒಪ್ಪುತ್ತಾರೆ.

ಇನ್ನೂ ಸ್ವಲ್ಪ ಧೈರ್ಯ ಇದ್ದರೆ ಕಟ್ಟಡವನ್ನೇ ಆಟಕ್ಕೆ ತನ್ನಿ. ಬಾಗಿಲ ಬಳಿ ದೊಡ್ಡ ಮೀಟರ್ ಇಟ್ಟು, ಕಟ್ಟಡ ಈಗ ಎಷ್ಟು ಕಿಲೊವ್ಯಾಟ್ ಎಳೆಯುತ್ತಿದೆ ಎಂದು ತೋರಿಸಿ. ಒಂದು ಗಂಟೆಯನ್ನು 'ಪೀಕ್' (ಬೇಡಿಕೆ ತುದಿ ಮುಟ್ಟುವ ಹೊತ್ತು) ಅಂತ ಸಾರಿ, ಒಂದೊಂದು ಕೋಣೆಗೂ ಇಷ್ಟೇ ಕರೆಂಟ್ ಅಂತ ಮಿತಿ ಹಾಕಿ. ದೀಪ ಆರಿಸಬೇಕಾ, ಎಸಿ ಎರಡು ಡಿಗ್ರಿ ಏರಿಸಬೇಕಾ, ಪ್ರೊಜೆಕ್ಟರ್ ಇಲ್ಲದೆ ಮಾತಾಡಿ ಅನ್ನಬೇಕಾ ಎಂದು ಒಳಗಿರುವವರೇ ಕೈ ಎತ್ತಿ ತೀರ್ಮಾನಿಸಲಿ. ಲಿಫ್ಟ್, ಬೆಂಕಿ ಎಚ್ಚರಿಕೆ, ತುರ್ತು ದೀಪ ಇವಕ್ಕೆ ಕೈ ಹಾಕುವಂತಿಲ್ಲ, ಕಟ್ಟಡ ನೋಡಿಕೊಳ್ಳುವವರು ಮೊದಲೇ ಒಪ್ಪಿರಬೇಕು. ಭಾಷಣಕಾರರಿಗೂ ಮುಂಚೆಯೇ ಹೇಳಿಬಿಡಿ. ಪ್ರೊಜೆಕ್ಟರ್ ಎಳೆಯುವುದು ಕೆಲವು ನೂರು ವ್ಯಾಟ್, ಎಸಿ ಅದರ ಎಷ್ಟೋ ಪಟ್ಟು. ಆದರೂ ಒಂದು ಕಡೆ ಜನ ಮೊದಲು ಆರಿಸಿದ್ದು ಪ್ರೊಜೆಕ್ಟರನ್ನೇ. ಅದು ಇಂಧನದ ಲೆಕ್ಕವೋ ಭಾಷಣದ ಮೇಲಿನ ತೀರ್ಪೋ, ನಾನು ಕೇಳಲು ಹೋಗಲಿಲ್ಲ.

ಈ ವಾರವೇ ಮಾಡಬೇಕಾದದ್ದು ಒಂದಿದೆ. ರಟ್ಟು ಕತ್ತರಿಸಿ ತುಂಡು ಮಾಡಿಕೊಂಡು, ಇಂಧನದ ಗಂಧ ಗಾಳಿ ಇಲ್ಲದ 16 ಜನರನ್ನು ಕೂರಿಸಿ ಗ್ರಿಡ್ ಆಟ ಆಡಿಸಿ ನೋಡಿ. ಮೊದಲ ಸಲ ಕೆಟ್ಟದಾಗಿ ಸೋಲುತ್ತದೆ. ನಾನು ಮೊದಲು ಬರೆದ ನಿಯಮದ ಹಾಳೆ ನಾಲ್ಕು ಪುಟ ಇತ್ತು, ಒಬ್ಬರೂ ಎರಡನೆಯ ಪುಟ ದಾಟಲಿಲ್ಲ. ಮೂರು ನಿಮಿಷದಲ್ಲಿ ಬಾಯಲ್ಲಿ ಹೇಳಿ ಮುಗಿಸಲಾಗದ ನಿಯಮಗಳನ್ನು ಕಿತ್ತುಹಾಕಿ. ಎರಡನೆಯ ಸಲ ಬೇರೆ 16 ಜನರನ್ನು ಕರೆಯಿರಿ. ನೀವು ಮಾತ್ರ ಬಾಯಿ ಮುಚ್ಚಿಕೊಂಡು ಮೂಲೆಯಲ್ಲಿ ಕೂತು, ಅವರು ಎಲ್ಲಿ ತಡವರಿಸುತ್ತಾರೆ ಎಂದು ಬರೆದುಕೊಳ್ಳಿ. ಮೂರನೆಯ ಸಲಕ್ಕೆ ಮುಜುಗರಪಡುವ ಆ ಹಿರಿಯರಲ್ಲಿ ಒಬ್ಬರನ್ನು ಕರೆದು ಗ್ರಿಡ್ ನಡೆಸುವ ಕುರ್ಚಿಯಲ್ಲಿ ಕೂರಿಸಿ. ಸಂಜೆಯ ಸುತ್ತಿಗೆ ಮೋಡದ ಚೀಟಿ ಬರುವ ಹಾಗೆ ಚೀಟಿಗಳ ಕಟ್ಟಿನಲ್ಲಿ ಅದನ್ನು ಮೇಲಿಟ್ಟರೆ ತಪ್ಪೇನಿಲ್ಲ.